ಭದ್ರಾವತಿಯ ಕುಲುಮೆ, ಸರ್ ಎಂ.ವಿ. ಅವರ ಕೋಷ್ಟಕ

ಶಿವಮೊಗ್ಗ: 1923ರ ಜನವರಿ 18ರಂದು ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕಾರ್ಯಾರಂಭ ಮಾಡಿತು. ಬೆಂಕಿಪುರ ಎಂಬ ಹಳೆಯ ಹೆಸರನ್ನು ಕಳಚಿಟ್ಟ ಊರಿಗೆ ಅಂದಿನಿಂದ ಬೆಂಕಿಯೇ ಜೀವನೋಪಾಯವಾಯಿತು. ಆದರೆ ಕುಲುಮೆ ಹೊತ್ತಿಕೊಂಡ ಗಳಿಗೆ ಒಳ್ಳೆಯದಾಗಿರಲಿಲ್ಲ. ಯೋಜನೆ ರೂಪುಗೊಂಡದ್ದು ಮೊದಲ ಮಹಾಯುದ್ಧದ ದಿನಗಳಲ್ಲಿ. ಆಗ ಕಬ್ಬಿಣಕ್ಕೆ ಎಲ್ಲಿಲ್ಲದ ಬೇಡಿಕೆಯಿತ್ತು. ಗೋಡೆ ಎದ್ದು, ಚಿಮಣಿ ನಿಂತು, ಮೊದಲ ಕಬ್ಬಿಣ ಹರಿಯುವ ಹೊತ್ತಿಗೆ ಯುದ್ಧ ಮುಗಿದು ನಾಲ್ಕು ವರ್ಷ ಕಳೆದಿತ್ತು. ಮಾರುಕಟ್ಟೆಯಲ್ಲಿ ಬೆಲೆ ಕುಸಿದಿತ್ತು. ಸಂಸ್ಥಾನದ ಖಜಾನೆಯಿಂದ ಹೋದ ಹಣ ದೊಡ್ಡದು, ಬರುವ ಹಣ ಸಣ್ಣದು. ಕಾರ್ಖಾನೆಯನ್ನು ನಡೆಸುವುದೋ ನಿಲ್ಲಿಸುವುದೋ ಎಂಬ ಪ್ರಶ್ನೆ ಹುಟ್ಟಿನೊಂದಿಗೇ ಅಂಟಿಕೊಂಡಿತು.

ಆ ಪ್ರಶ್ನೆಗೆ ಉತ್ತರ ಹುಡುಕಲು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಕರೆದದ್ದು, ದಿವಾನ ಪದವಿಯನ್ನು ಬಿಟ್ಟು ನಾಲ್ಕು ವರ್ಷ ದಾಟಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅವರನ್ನು. ಆಗ ಅವರಿಗೆ ಅರವತ್ತು ಮೀರಿತ್ತು. ಕಾರ್ಖಾನೆಯ ಕನಸು ಕಂಡವರೂ ಅವರೇ ಆಗಿದ್ದರಿಂದ ಕರೆಯನ್ನು ನಿರಾಕರಿಸುವಂತಿರಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1923ರಿಂದ 1929ರವರೆಗೆ ಅವರು ಭದ್ರಾವತಿಯ ಲೆಕ್ಕವನ್ನು ಹೊತ್ತರು. ಅಣೆಕಟ್ಟೆಯ ವಿಶ್ವೇಶ್ವರಯ್ಯ ನಾಡಿಗೆಲ್ಲ ಗೊತ್ತು. ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ ವ್ಯಾಪಾರದ ತೀರ್ಮಾನ ಮಾಡುತ್ತಿದ್ದ ವಿಶ್ವೇಶ್ವರಯ್ಯ ಅಷ್ಟಾಗಿ ಪರಿಚಿತರಲ್ಲ. ಶಿವಮೊಗ್ಗ ಜಿಲ್ಲೆಯ ಪಾಲಿಗೆ ಹೆಚ್ಚು ಮುಖ್ಯರಾದವರು ಈ ಎರಡನೆಯವರು.

ಮಳೆಯ ಲೆಕ್ಕದಿಂದ ಆರಂಭ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. ಬಳಿಕ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜು ಸೇರಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅಗ್ರಸ್ಥಾನ ಗಳಿಸಿದರು. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು.

ನೀರಾವರಿ ಎಂಜಿನಿಯರನಿಗೆ ಅಂಕಿ ಎಂಬುದು ಅಲಂಕಾರವಲ್ಲ. ಯಾವ ತಿಂಗಳಲ್ಲಿ ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತದೆ, ಕಾಲುವೆಯ ಕೊನೆಯ ಹೊಲಕ್ಕೆ ಎಷ್ಟು ತಲುಪುತ್ತದೆ, ನಡುವೆ ಎಷ್ಟು ಇಂಗುತ್ತದೆ ಎಂಬುದನ್ನು ಹಾಳೆಯ ಮೇಲೆ ಗೆರೆಯಾಗಿ ಎಳೆಯದೆ ಒಂದು ತೂಬನ್ನೂ ನಿರ್ಮಿಸಲಾಗದು. ದಖನ್ನಿನ ಕಾಲುವೆಗಳಲ್ಲಿ ಅವರು ಜಾರಿಗೆ ತಂದ ಬ್ಲಾಕ್ ಪದ್ಧತಿಯ ಮೂಲವೂ ಇಂಥದೇ ಲೆಕ್ಕ. ಕಬ್ಬು ಬೆಳೆಯುವ ಕೆಲವೇ ಊರುಗಳು ನೀರನ್ನೆಲ್ಲ ಹೀರುತ್ತಿದ್ದವು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯಲ್ಲಿ ಬದಲಿಸಿ, ಅದೇ ನೀರನ್ನು ಹೆಚ್ಚು ಊರುಗಳಿಗೆ ಹಂಚುವುದು ಅವರ ಯೋಜನೆಯಾಗಿತ್ತು. ಆರಂಭದಲ್ಲಿ ರೈತರು ವಿರೋಧಿಸಿದರು. ಒಪ್ಪಿದ ಮೇಲೆ ಪದ್ಧತಿ ನಿಂತಿತು.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಕೊಚ್ಚಿಹಾಕಿದಾಗ ನಿಜಾಮರ ಸರ್ಕಾರ ಅವರ ನೆರವು ಕೋರಿತು. ಅಷ್ಟರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯಿಂದ ಹೊರಬಂದಿದ್ದರು. ಹೈದರಾಬಾದಿನಲ್ಲಿ ಅವರು ಮೊದಲು ಕೈಹಾಕಿದ್ದು ಮಳೆಮಾಪಕಗಳ ದಾಖಲೆಗೆ. ಜಲಾನಯನ ಪ್ರದೇಶದ ಯಾವ ಕೇಂದ್ರದಲ್ಲಿ ಎಷ್ಟು ಹೊತ್ತಿನಲ್ಲಿ ಎಷ್ಟು ಮಳೆ ಬಿತ್ತು, ಏಳುನೂರಕ್ಕೂ ಹೆಚ್ಚು ಕೆರೆಗಳಲ್ಲಿ ಯಾವುವು ಒಡೆದವು ಎಂಬುದನ್ನೆಲ್ಲ ಜೋಡಿಸಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದು, ಮಳೆಯ ನೀರಿಗೆ ಅವುಗಳ ನೀರೂ ಸೇರಿ ನಗರದ ಮೇಲೆ ನುಗ್ಗಿತ್ತು. ನಗರದೊಳಗೆ ಗೋಡೆ ಕಟ್ಟಿ ಪ್ರಯೋಜನವಿಲ್ಲ, ಮೇಲ್ಭಾಗದಲ್ಲೇ ಜಲಾಶಯ ಕಟ್ಟಿ ನೀರನ್ನು ತಡೆಯಬೇಕು ಎಂಬ ಅವರ ಶಿಫಾರಸಿನಿಂದ ಮುಂದೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ರೂಪುಗೊಂಡವು.

ಮೈಸೂರಿಗೆ ಹಿಡಿದ ಕನ್ನಡಿ

1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಮೈಸೂರಿಗೆ ಬಂದ ವಿಶ್ವೇಶ್ವರಯ್ಯ ಕಟ್ಟಡ, ಕಾಲುವೆಗಳಿಗೆ ಮಾತ್ರ ಸೀಮಿತರಾಗಲಿಲ್ಲ. ಅವರ ಒತ್ತಾಸೆಯಿಂದ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ಸಮಿತಿಗಳು ಅದರಡಿ ಕೆಲಸ ಮಾಡಿದವು. ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 6 ಮಂದಿ ಮಾತ್ರ ಎಂಬ ಅಂಕಿಯನ್ನು ಜಪಾನ್, ಇಂಗ್ಲೆಂಡ್‌ಗಳ ಅಂಕಿಗಳ ಪಕ್ಕದಲ್ಲಿಡುವುದು ಅವರ ರೀತಿ. ಒಂಟಿ ಅಂಕಿ ಯಾರನ್ನೂ ಕದಲಿಸುವುದಿಲ್ಲ. ನೆರೆಯವನ ಅಂಕಿಯ ಜೊತೆ ಇಟ್ಟಾಗ ಮಾತ್ರ ಅದು ಚುಚ್ಚುತ್ತದೆ. 1898ರಲ್ಲೇ ಜಪಾನ್ ನೋಡಿಬಂದಿದ್ದ ಅವರಿಗೆ ಈ ಹೋಲಿಕೆ ಜೀವನಪರ್ಯಂತ ಬಿಡದ ಅಭ್ಯಾಸವಾಯಿತು.

ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟುವ ಯೋಜನೆಗೆ ಹಣಕಾಸು ಇಲಾಖೆ ಹಿಂದೇಟು ಹಾಕಿದಾಗ ನೆರವಿಗೆ ಬಂದದ್ದೂ ಲೆಕ್ಕವೇ. ಶಿವನಸಮುದ್ರದ ವಿದ್ಯುತ್ತಿಗೆ ಕೋಲಾರದ ಚಿನ್ನದ ಗಣಿಗಳು ಖಾಯಂ ಗಿರಾಕಿಗಳು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ನೀರನ್ನು ಸಂಗ್ರಹಿಸಿ ವರ್ಷವಿಡೀ ಸಮನಾಗಿ ಬಿಟ್ಟರೆ ಗಣಿಗಳಿಂದ ಬರುವ ಆದಾಯವೇ ಕಟ್ಟೆಯ ಖರ್ಚಿನ ಭಾರವನ್ನು ಹಗುರಗೊಳಿಸುತ್ತದೆ, ಮಂಡ್ಯದ ಬಯಲಿಗೆ ಹರಿಯುವ ನೀರು ಅದರ ಮೇಲಿನ ಲಾಭ. 1911ರಲ್ಲಿ ಕೆಲಸಕ್ಕೆ ಮಂಜೂರಾತಿ ದೊರೆಯಿತು. ಮರುವರ್ಷ ಅವರು ದಿವಾನರಾದರು. ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ, ಶ್ರೀಗಂಧದ ಎಣ್ಣೆಯ ಕಾರ್ಖಾನೆ ಎಲ್ಲವೂ 1913ರಿಂದ 1916ರೊಳಗೆ ಬಂದವು.

ಎಲ್ಲ ಅಂಕಿಗಳೂ ಅವರನ್ನು ಒಂದೇ ರೀತಿಯಲ್ಲಿ ಕದಲಿಸಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪಾಲು ಎಷ್ಟು ಕಡಿಮೆಯೆಂಬುದು ದಾಖಲೆಗಳಲ್ಲೇ ಇತ್ತು. ಅದನ್ನು ಸರಿಪಡಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದಾಗ ವಿಶ್ವೇಶ್ವರಯ್ಯ ಅರ್ಹತೆಯೇ ಏಕೈಕ ಅಳತೆಗೋಲಾಗಬೇಕೆಂಬ ನಿಲುವಿಗೆ ಅಂಟಿಕೊಂಡರು. ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಬೆಳೆಯಿತು. ಅವರು ಹುದ್ದೆ ಬಿಟ್ಟರು. ರಾಷ್ಟ್ರಗಳ ನಡುವಿನ ಅಂತರವನ್ನು ಅಷ್ಟು ಚುರುಕಾಗಿ ಓದುತ್ತಿದ್ದ ಕಣ್ಣು ತನ್ನದೇ ಕಚೇರಿಯೊಳಗಿನ ಅಂತರವನ್ನು ಬೇರೆ ರೀತಿ ಓದಿತು. ಕರ್ನಾಟಕದ ಇತಿಹಾಸದಲ್ಲಿ ಆ ಚರ್ಚೆ ಇಂದಿಗೂ ತಣ್ಣಗಾಗಿಲ್ಲ.

ಅದಿರು ಹತ್ತಿರ, ಕಲ್ಲಿದ್ದಲು ದೂರ

ಭದ್ರಾವತಿಯಲ್ಲೇ ಕಾರ್ಖಾನೆ ಏಕೆ? ಉತ್ತರ ಭೂಪಟದಲ್ಲಿದೆ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರು, ಭಂಡಿಗುಡ್ಡದಲ್ಲಿ ಸುಣ್ಣಕಲ್ಲು, ಪಕ್ಕದಲ್ಲೇ ಭದ್ರಾ ಹೊಳೆಯ ನೀರು, ಸುತ್ತ ಮಲೆನಾಡಿನ ಕಾಡು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಹಳಿಯೂ ಆಗಲೇ ಇತ್ತು. ಇಲ್ಲದಿದ್ದದ್ದು ಒಂದೇ ವಸ್ತು, ಕಲ್ಲಿದ್ದಲು. ಕಬ್ಬಿಣ ಕರಗಿಸಲು ಯೋಗ್ಯವಾದ ಕೋಕ್ ಬೇಕೆಂದರೆ ಸಾವಿರಾರು ಕಿಲೋಮೀಟರ್ ಆಚೆಯ ಬಂಗಾಳ, ಬಿಹಾರದ ಗಣಿಗಳಿಂದ ತರಿಸಬೇಕು. ಸಾಗಣೆ ವೆಚ್ಚವೇ ಕಾರ್ಖಾನೆಯನ್ನು ನುಂಗುತ್ತಿತ್ತು.

ಟಾಟಾ ಉಕ್ಕಿನ ಕಾರ್ಖಾನೆಗೂ ಸಲಹೆಗಾರರಾಗಿದ್ದ ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್ ಅವರ ಸಂಸ್ಥೆ ಪರಿಶೀಲನೆ ನಡೆಸಿತು. ಕೋಕ್ ಬದಲು ಇದ್ದಿಲಿನಿಂದ ಊದುಕುಲುಮೆ ನಡೆಸುವುದೆಂದು ನಿರ್ಧಾರವಾಯಿತು. ಕಟ್ಟಿಗೆಯನ್ನು ಬಯಲಲ್ಲಿ ಸುಟ್ಟು ಇದ್ದಿಲು ಮಾಡಿದರೆ ಹೊಗೆಯೆಲ್ಲ ಗಾಳಿಪಾಲು. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಆ ಹೊಗೆಯನ್ನೇ ತಣಿಸಿ ಮರದ ಮದ್ಯಸಾರ, ಅಸಿಟೇಟ್ ಸುಣ್ಣ, ಟಾರು ಪಡೆಯಬಹುದು. ಆದ್ದರಿಂದ ಕುಲುಮೆಯ ಜೊತೆಗೆ ಮರ ಬಟ್ಟಿ ಇಳಿಸುವ ಘಟಕವೂ ಎದ್ದಿತು. ಇದ್ದಿಲಿನ ಕಬ್ಬಿಣದಲ್ಲಿ ಗಂಧಕದ ಅಂಶ ಕಡಿಮೆ, ಗುಣಮಟ್ಟ ಉತ್ತಮ. ಕಾಗದದ ಮೇಲೆ ಯೋಜನೆ ಸರಿಯಾಗಿಯೇ ಇತ್ತು.

ಕಾಗದದಾಚೆ ಬೆಲೆ ಇಳಿಯಿತು. ಒಂದು ಉತ್ಪನ್ನವನ್ನಷ್ಟೇ ನೆಚ್ಚಿದ ಕಾರ್ಖಾನೆಗೆ ಇದು ಮರ್ಮಾಘಾತ.

ಇಂಥ ಸ್ಥಿತಿಯಲ್ಲಿ ಲೆಕ್ಕಪುಸ್ತಕದ ಕೊನೆಯ ಸಾಲನ್ನಷ್ಟೇ ನೋಡುವವರಿಗೆ ಕಾಣುವುದು ನಷ್ಟ. ಅದನ್ನು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣಬಹುದು. ಉದಾಹರಣೆಗೆ, ಒಂದು ಟನ್ ಕಬ್ಬಿಣ 60 ರೂಪಾಯಿಗೆ ಮಾರಾಟವಾಗುತ್ತದೆ ಎಂದುಕೊಳ್ಳೋಣ. ಅದಿರು, ಇದ್ದಿಲು, ಕೂಲಿಗೆ 50 ರೂಪಾಯಿ ತಗಲುತ್ತದೆ. ಬಂಡವಾಳದ ಬಡ್ಡಿ ಮತ್ತು ಯಂತ್ರಗಳ ಸವಕಳಿ 25 ರೂಪಾಯಿ. ಒಟ್ಟು ಲೆಕ್ಕದಲ್ಲಿ ಟನ್ನಿಗೆ 15 ರೂಪಾಯಿ ನಷ್ಟ. ಆದರೆ ಬೀಗ ಹಾಕಿದರೆ 25 ರೂಪಾಯಿಯ ಹೊರೆ ಇಳಿಯುವುದಿಲ್ಲ, ಹೂಡಿದ ಹಣ ಹೂಡಿದಂತೆಯೇ. ನಡೆಸಿದರೆ ಕನಿಷ್ಠ 10 ರೂಪಾಯಿ ಆ ಹೊರೆಗೆ ಜಮೆಯಾಗುತ್ತದೆ. ಕೂಲಿ, ಇದ್ದಿಲಿನ ಖರ್ಚು 60ನ್ನು ದಾಟಿತೋ, ಆಗ ಪ್ರತಿ ಟನ್ನೂ ಹೊಸ ನಷ್ಟ, ನಿಲ್ಲಿಸುವುದೇ ವಾಸಿ. ಈ ಅಂಕಿಗಳು ವಿವರಣೆಗಾಗಿ ಮಾತ್ರ. ಆದರೆ ಭದ್ರಾವತಿಯ ಅಂದಿನ ಸಮಸ್ಯೆಯ ಆಕಾರ ಇದೇ ಆಗಿತ್ತು.

ಇಂದಿನ ಕಂಪೆನಿಗಳ ಸಭಾಕೊಠಡಿಯಲ್ಲಿ ಇದೇ ಪ್ರಶ್ನೆಯನ್ನು ಕಂಪ್ಯೂಟರ್ ಪರದೆಯ ಮೇಲೆ ಕೇಳುತ್ತಾರೆ. ಬೆಲೆಯ ಗುಂಡಿಯನ್ನು ಬೆರಳಿನಿಂದ ಎಡಕ್ಕೆ ಸರಿಸಿದರೆ ಲಾಭದ ಕಂಬ ಕುಗ್ಗುತ್ತದೆ. ಇಂಧನದ ಖರ್ಚನ್ನು ಇಳಿಸಿದರೆ ಮತ್ತೆ ಏಳುತ್ತದೆ. ಅಂಕಿಗಳನ್ನು ಚಿತ್ರವಾಗಿಸಿ, ಆ ಚಿತ್ರವನ್ನೇ ಪ್ರಶ್ನಿಸುತ್ತ ಹೋಗುವ ಈ ಸೌಲಭ್ಯ ಹೊಸದು, ಹಂಬಲ ಹಳೆಯದು. ಜೇಮ್ಸ್ ವಾಟ್‌ನ ಬಳಿ ನಕ್ಷೆಗಾರನಾಗಿದ್ದ ವಿಲಿಯಂ ಪ್ಲೇಫೇರ್ 1786ರಲ್ಲೇ ಇಂಗ್ಲೆಂಡಿನ ಆಮದು ರಫ್ತನ್ನು ಗೆರೆಗಳಾಗಿ ಎಳೆದು ಪ್ರಕಟಿಸಿದ್ದ. ಮೊದಲ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಹೆನ್ರಿ ಗ್ಯಾಂಟ್ ಕಾರ್ಖಾನೆಯ ಕೆಲಸಗಳನ್ನು ಪಟ್ಟಿಗಳಾಗಿ ಬಿಡಿಸಿ ತೋರಿಸುತ್ತಿದ್ದ. ವಿಶ್ವೇಶ್ವರಯ್ಯ 1919-20ರಲ್ಲಿ ಜಪಾನ್, ಅಮೆರಿಕ, ಕೆನಡಾ, ಇಂಗ್ಲೆಂಡ್‌ಗಳ ಕೈಗಾರಿಕೆಗಳನ್ನು ನೋಡಿಬಂದದ್ದು ಆ ಗಾಳಿ ಬೀಸುತ್ತಿದ್ದ ಹೊತ್ತಿನಲ್ಲೇ. ಅವರ ಕೈಯಲ್ಲಿದ್ದ ಸಾಧನ ಮಾತ್ರ ಕೋಷ್ಟಕ. ಒಂದು ಅಂಕಿ ಬದಲಾದರೆ ಉಳಿದದ್ದನ್ನೆಲ್ಲ ಗುಮಾಸ್ತರು ಮತ್ತೆ ಕೂಡಿ ಕಳೆದು ತರಬೇಕಾಗಿದ್ದ ಕಾಲ ಅದು.

ಆರು ವರ್ಷಗಳಲ್ಲಿ ನಡೆದ ಬದಲಾವಣೆಗಳನ್ನು ನೋಡಿದರೆ ಆ ಕೋಷ್ಟಕದ ಒಂದೊಂದು ಕಲಮಿಗೂ ಕೈಹಾಕಿದ್ದು ಗೋಚರಿಸುತ್ತದೆ. ದುಬಾರಿ ಸಂಬಳದ ವಿದೇಶಿ ತಜ್ಞರ ಸ್ಥಾನದಲ್ಲಿ ತರಬೇತಿ ಪಡೆದ ಮೈಸೂರಿನ ಯುವಕರು ಬಂದರು. ಅನಗತ್ಯ ವೆಚ್ಚಕ್ಕೆ ಕತ್ತರಿ ಬಿತ್ತು. ಬಹುಮುಖ್ಯವಾದದ್ದು ಕೊಳವೆಯ ಎರಕದ ಘಟಕ. ಬೀಡುಕಬ್ಬಿಣವನ್ನು ಹಾಗೆಯೇ ಮಾರಿದರೆ ಲೋಕದ ಮಾರುಕಟ್ಟೆ ಹೇಳಿದ ಬೆಲೆಗೆ ತಲೆಬಾಗಬೇಕು. ಅದನ್ನೇ ನೀರಿನ ಕೊಳವೆಯಾಗಿ ಎರಕ ಹೊಯ್ದರೆ ನಗರಸಭೆಗಳು ಗಿರಾಕಿಗಳಾಗುತ್ತವೆ, ಬೆಲೆಯೂ ಹೆಚ್ಚು ದೊರೆಯುತ್ತದೆ. ಇತ್ತ 1927ರಿಂದ ಅವರು ಟಾಟಾ ಉಕ್ಕಿನ ಕಂಪೆನಿಯ ನಿರ್ದೇಶಕರೂ ಆದರು. ಕೋಕ್‌ನಿಂದ ನಡೆಯುವ ದೈತ್ಯ ಕಾರ್ಖಾನೆ, ಇದ್ದಿಲಿನಿಂದ ನಡೆಯುವ ಸಣ್ಣ ಕಾರ್ಖಾನೆ, ಎರಡರ ಲೆಕ್ಕವನ್ನೂ ಒಳಗಿನಿಂದ ಕಂಡವರು ಆ ಕಾಲದಲ್ಲಿ ವಿರಳ. 1929ರಲ್ಲಿ ಅವರು ಹೊಣೆ ಇಳಿಸಿದಾಗ ಕಾರ್ಖಾನೆ ಮುಚ್ಚುವ ಮಾತು ಹಿಂದೆ ಸರಿದಿತ್ತು. ದಿನನಿತ್ಯದ ಖರ್ಚನ್ನು ತಾನೇ ಹೊರುವ ಶಕ್ತಿ ಅದಕ್ಕೆ ಬಂದಿತ್ತು.

ಭದ್ರಾವತಿಯ ಕೆಲಸಕ್ಕೆ ಅವರು ಸಂಭಾವನೆ ಪಡೆಯಲಿಲ್ಲ. ಸರ್ಕಾರ ಕೊಡಲು ಮುಂದಾದ ಹಣವನ್ನು ಯುವಕರಿಗೆ ಕಸುಬು ಕಲಿಸುವ ಶಾಲೆಗೆ ಬಳಸಬೇಕೆಂದು ಸೂಚಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಮಹಾರಾಜ ಜಯಚಾಮರಾಜೇಂದ್ರರ ಹೆಸರನ್ನು ಇರಿಸಿದರು. ಎಸ್‌.ಜೆ. ಪಾಲಿಟೆಕ್ನಿಕ್ ಎಂದು ನಗರದ ಜನ ಕರೆಯುವುದು ಅದನ್ನೇ.

ಕೋಷ್ಟಕದಲ್ಲಿ ಇಲ್ಲದ ಕಲಮು

ಯಾವ ಕೋಷ್ಟಕವೂ ಪೂರ್ಣವಲ್ಲ. ಭದ್ರಾವತಿಯ ಲೆಕ್ಕದಲ್ಲಿ ಕಾಡು ಎಂಬುದು ಕಟ್ಟಿಗೆಯ ಖರ್ಚಾಗಿ ಮಾತ್ರ ಕಾಣಿಸಿಕೊಂಡಿತು. ಕಡಿಯುವ ಕೂಲಿ, ಸಾಗಿಸುವ ಟ್ರಾಂ ಹಳಿ, ಅಷ್ಟೆ. ಕುಲುಮೆಯ ಹಸಿವಿಗೆ ದಶಕಗಳ ಕಾಲ ಮಲೆನಾಡಿನ ಮರಗಳು ಉರಿದವು. ಕಡಿದ ಜಾಗ ಮತ್ತೆ ಕಾಡಾಗಲು ತಗಲುವ ಕಾಲವನ್ನು, ಒಣಗಿದ ಹಳ್ಳಗಳನ್ನು ಬರೆದಿಡುವ ಕಲಮು ಅಂದಿನ ಯಾವ ಕಾರ್ಖಾನೆಯ ಪುಸ್ತಕದಲ್ಲೂ ಇರಲಿಲ್ಲ. ಇದನ್ನು ಒಬ್ಬ ವ್ಯಕ್ತಿಯ ತಪ್ಪೆನ್ನುವುದು ನ್ಯಾಯವಲ್ಲ. ಆದರೂ ಅಳೆದದ್ದನ್ನಷ್ಟೇ ತೂಗುವ ಪದ್ಧತಿಗೆ ಮಲೆನಾಡು ತೆತ್ತ ಬೆಲೆ ಸಣ್ಣದಲ್ಲ. ಜೋಗದ ವಿದ್ಯುತ್ ಬಂದ ಮೇಲೆ, 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದಾಗ ಕಾಡಿನ ಮೇಲಿನ ಒತ್ತಡ ತಗ್ಗಿತು.

ವಿಶ್ವೇಶ್ವರಯ್ಯ ಅಷ್ಟರಲ್ಲಿ ಇಡೀ ದೇಶದ ಲೆಕ್ಕಕ್ಕೆ ಕೈಹಾಕಿದ್ದರು. 1934ರಲ್ಲಿ ಪ್ರಕಟವಾದ ಭಾರತದ ಯೋಜಿತ ಆರ್ಥಿಕತೆ ಕುರಿತ ಅವರ ಇಂಗ್ಲಿಷ್ ಗ್ರಂಥ ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿಗೊಳಿಸುವ ಗುರಿ ಮುಂದಿಟ್ಟಿತು. ಯೋಜನೆ ಮಾಡುವ ಮುನ್ನ ವಿಶ್ವಾಸಾರ್ಹ ಅಂಕಿಅಂಶ ಕಲೆಹಾಕಬೇಕೆಂಬುದು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಒತ್ತಾಯ. ಸ್ವತಂತ್ರ ಭಾರತದ ಮೊದಲ ಪಂಚವಾರ್ಷಿಕ ಯೋಜನೆ ಬಂದದ್ದು 1951ರಲ್ಲಿ. 1955ರಲ್ಲಿ ಅವರಿಗೆ ಭಾರತ ರತ್ನ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಬೆಂಗಳೂರಿನಲ್ಲಿ ನಿಧನರಾದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15 ಎಂಜಿನಿಯರುಗಳ ದಿನವಾಗಿ ಆಚರಣೆಯಲ್ಲಿದೆ.

ಮತ್ತೆ ಅದೇ ಪ್ರಶ್ನೆ

ಭದ್ರಾವತಿ ಅವರು ಬಿಟ್ಟ ಮೇಲೂ ಬೆಳೆಯಿತು. 1930ರ ದಶಕದಲ್ಲಿ ಉಕ್ಕು, ಕಾಗದ, ಸಿಮೆಂಟ್ ಒಂದರ ಹಿಂದೆ ಒಂದು ಬಂದವು. ಕಬ್ಬಿಣದ ಕಾರ್ಖಾನೆ 1962ರಲ್ಲಿ ಕಂಪೆನಿಯಾಯಿತು, 1970ರ ದಶಕದಲ್ಲಿ ವಿಶ್ವೇಶ್ವರಯ್ಯ ಅವರ ಹೆಸರು ಪಡೆಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಬಳಿಕ ಸ್ವಂತ ಅದಿರಿನ ಆಸರೆ ತಪ್ಪಿತು. ಕಾರ್ಖಾನೆಯನ್ನು ಆ ಜಾಗದಲ್ಲಿ ನಿಲ್ಲಿಸಿದ್ದ ಮೂಲ ಕಾರಣವೇ ಕೋಷ್ಟಕದಿಂದ ಅಳಿಸಿಹೋದಂತಾಯಿತು.

ಶಿವಮೊಗ್ಗದಲ್ಲಿ ಈಗ ಅಂಕಿಗಳನ್ನು ನೋಡುವ ರೀತಿ ಬದಲಾಗಿದೆ. ಸ್ಮಾರ್ಟ್ ಸಿಟಿ ಯೋಜನೆಯ ನಿಯಂತ್ರಣ ಕೇಂದ್ರದಲ್ಲಿ ನಗರದ ಚಲನವಲನ ಪರದೆಯ ಮೇಲೆ ಮೂಡುತ್ತದೆ. ಎರಡು ಊರುಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಉದ್ಯಮ ಬೇರೂರಿದೆ. ಗುಜರಿ ಕಬ್ಬಿಣದ ದರ, ವಿದ್ಯುತ್ ದರ, ಕೈಯಲ್ಲಿರುವ ಬೇಡಿಕೆ ಈ ಮೂರನ್ನೂ ಒಟ್ಟಿಗೆ ನೋಡದೆ ಅಲ್ಲಿ ಕುಲುಮೆ ಹೊತ್ತಿಸುವಂತಿಲ್ಲ. ಅಷ್ಟೇಕೆ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಪತ್ರಿಕೆಗಳಲ್ಲಿ ಬರುವ ಅಡಿಕೆ ಧಾರಣೆಯ ಪಟ್ಟಿಯನ್ನು ಹಿಂದಿನ ವಾರದ ಪಟ್ಟಿಯೊಡನೆ ಹೋಲಿಸಿ, ಮಾರುವುದೋ ಕಾಯುವುದೋ ಎಂದು ತೀರ್ಮಾನಿಸುವ ಬೆಳೆಗಾರನೂ ಮಾಡುವುದು ಅದೇ ಕೆಲಸ.

ಕಾರ್ಖಾನೆ ನೂರು ವರ್ಷ ಪೂರೈಸಿದ್ದು 2023ರ ಜನವರಿಯಲ್ಲಿ. ಅದೇ ತಿಂಗಳು, ನಷ್ಟದ ಕಾರಣ ನೀಡಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು, ಭದ್ರಾವತಿಯ ಅಂಗಡಿಗಳವರು ದನಿಗೂಡಿಸಿದರು. ಒಂದು ಪಟ್ಟಣದ ಬಾಡಿಗೆ, ಶಾಲೆ, ಸಂತೆಯ ವ್ಯಾಪಾರ ಕಾರ್ಖಾನೆಯ ನಷ್ಟದ ಪಕ್ಕದಲ್ಲಿ ಯಾವ ಕಲಮಿನಲ್ಲಿ ಬರಬೇಕೆಂಬುದು ಅವರ ಪ್ರಶ್ನೆಯಾಗಿತ್ತು. ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ಚಾಲನೆಗೊಂಡವು. ಊದುಕುಲುಮೆಗೆ ಬೆಂಕಿ ಬೀಳಲಿಲ್ಲ.